ಟೈಲರಕ್ಕನ ತೀರ್ಪು

ಟೈಲರಕ್ಕನ ಅಂಗಡಿಯಲ್ಲಿ ಬೆಳಗಿನ ಮೊದಲ ಕೆಲಸ ಹೊಲಿಗೆಯಲ್ಲ, ಹಿಂದಿನ ಸಂಜೆಯ ಸೀರಿಯಲ್ಲಿನ ವಿಚಾರಣೆ. ಇರುವುದು ಒಂದೇ ಕೋಣೆ. ಬಾಗಿಲ ಪಕ್ಕ ಎರಡು ಮಿಷನ್ನು, ಗೋಡೆಗೆ ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಇಸ್ತ್ರಿ ಮೇಜು, ಕಿಟಕಿಯ ಕೆಳಗೊಂದು ಉದ್ದನೆಯ ಬೆಂಚು. ಆ ಬೆಂಚಿನ ಮೇಲೆ ಕೂತು ಗುಂಡಿ, ಹುಕ್ಕು ಹಾಕುವ ಮೂವರು ಹೆಂಗಸರು ವಕೀಲರು. ತೀರ್ಪು ಮಾತ್ರ ಟೈಲರಕ್ಕನದು. ಅವಳು ಹಲ್ಲಲ್ಲಿ ದಾರ ಕಡಿದು ಬಾಯಿ ಬಿಡುವ ತನಕ ಯಾವ ನಟನೂ ಒಳ್ಳೆಯವನಲ್ಲ, ಯಾವ ನಟಿಯೂ ಕೆಟ್ಟವಳಲ್ಲ.

ಬಾಯಿಯೂ ಹಾಗೇ ಇತ್ತು ಅನ್ನಿ. ಊರೆಲ್ಲ ತಲೆ ಮೇಲೆ ಹೊತ್ತುಕೊಂಡ ಹೀರೋ ಒಬ್ಬನನ್ನು, "ಮೀಸೆ ಬೋಳಿಸಿದ್ರೆ ಅವನ ಅರ್ಧ ನಟನೆ ಕ್ಷೌರದಂಗಡಿ ನೆಲದ ಮೇಲೆ ಬಿದ್ದಿರುತ್ತೆ" ಅಂದವಳು. ಹಾಡಿನ ಸ್ಪರ್ಧೆಯ ತೀರ್ಪುಗಾರ್ತಿ ಕಣ್ಣೊರೆಸಿಕೊಂಡರೆ, "ಜಾಹೀರಾತಿಗೆ ಮುಂಚೆ ಅಳ್ತಾಳೆ, ಆಮೇಲೆ ನಗ್ತಾಳೆ, ಅವಳ ಕಣ್ಣೀರಿಗೂ ಟೈಮಿಂಗ್ಸ್ ಇದೆ" ಅನ್ನುವಳು. ಇದಕ್ಕೆಲ್ಲ ಎದುರಾಡುವ ಎದೆಗಾರಿಕೆ ಇದ್ದದ್ದು ಬೆಂಚಿನ ಮೇಲೆ ಒಬ್ಬಳಿಗೇ, ಗುಂಡಿ ಹಾಕುವ ನಾದಿನಿಗೆ. ಟೈಲರಕ್ಕನ ಗಂಡನ ತಂಗಿ ಅವಳು. ಆ ಮೀಸೆ ಹೀರೋ ಅಂದರೆ ಅವಳಿಗೆ ಪ್ರಾಣ. "ಅತ್ತಿಗೆ, ನಿಮಗೆ ಚಂದದ್ದು ಕಂಡ್ರೇ ಆಗಲ್ಲ, ಅಷ್ಟೆ" ಅಂತ ಅವಳು ಶುರು ಮಾಡಿದರೆ ಊಟದ ಹೊತ್ತಿನವರೆಗೂ ಇಬ್ಬರ ಬಾಯಿಗೂ ಬೀಗ ಇಲ್ಲ. ಅಳತೆ ಕೊಡಲು ಬಂದವರು ಅಳತೆ ಮುಗಿದ ಮೇಲೂ ನಿಂತು ಕೇಳುತ್ತಿದ್ದರು.

ಹೀಗಿರುವಾಗ ಟೈಲರಕ್ಕನ ಕಿವಿ ಕೈಕೊಟ್ಟಿತು. ಒಂದೇ ಸಲಕ್ಕಲ್ಲ. ಮೊದಮೊದಲು ಟಿವಿಯವರೇ ಗೊಣಗುತ್ತಾರೆ ಅನ್ನಿಸಿ, "ಈಗಿನವರಿಗೆ ಬಾಯಿಬಿಟ್ಟು ಮಾತಾಡೋಕೆ ಏನು ರೋಗ" ಅಂತ ಬೈದಳು. ಆಮೇಲೆ ಸದ್ದು ಏರಿಸಿದಳು. ದಿನವೆಲ್ಲ ಡಿಪೋದಲ್ಲಿ ಬಸ್ಸು ರಿಪೇರಿ ಮಾಡಿ ಬೇಗ ಮಲಗುವ ಗಂಡ, "ಪಕ್ಕದ ಬೀದಿಯವರಿಗೂ ನೀನೇ ಕೇಳಿಸ್ಬೇಕಾ?" ಅಂದ. ಇಳಿಸಿದಳು. ಇಳಿಸಿದ ಮೇಲೆ ಉಳಿದದ್ದು ಚಿತ್ರ ಮಾತ್ರ. ಅಲ್ಲ, ಗಂಡನಿಗೆ ಹೇಳಬಹುದಿತ್ತು, ಡಾಕ್ಟರ ಹತ್ತಿರ ಹೋಗಬಹುದಿತ್ತು. ಆದರೆ ಸೀರಿಯಲ್ಲು ಕೇಳಿಸದವಳ ತೀರ್ಪನ್ನು ಯಾರು ಲೆಕ್ಕಕ್ಕಿಡುತ್ತಾರೆ? ನಾಳೆಯಿಂದ ತಾನು ಬರೀ ಮಿಷನ್ನು ತುಳಿಯುವ ಹೆಂಗಸಾಗಿಬಿಡುತ್ತೇನೆ ಅನ್ನುವ ಭಯ ಅವಳಿಗೆ. ಜನ್ಮದಲ್ಲಿ ಬಾಯಿ ಮುಚ್ಚದವಳು ಇದೊಂದು ವಿಷಯಕ್ಕೆ ಮುಚ್ಚಿಕೊಂಡಳು.

ಅಂಗಡಿಯಲ್ಲಿ ಹೇಗೋ ನಡೆಯುತ್ತಿತ್ತು. ಎದುರಿಗಿದ್ದವರ ತುಟಿ ನೋಡಿ ತಿಳಿದುಕೊಳ್ಳುವಳು, ತಿಳಿಯದಿದ್ದರೆ ತಪ್ಪನ್ನು ಮಿಷನ್ನಿನ ಸದ್ದಿನ ಮೇಲೆ ಹಾಕುವಳು. ಟಿವಿಯದ್ದೇ ಪಜೀತಿ. ಅಲ್ಲಿ ಅರ್ಧ ಜನ ಬೆನ್ನು ತಿರುಗಿಸಿಯೇ ಮಾತಾಡುತ್ತಾರೆ. ಕೊನೆಗೆ ಅವಳು ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದಳು, ಬಟ್ಟೆ ನೋಡಿ ಕಥೆ ಹೇಳತೊಡಗಿದಳು. ಕೆಟ್ಟವಳಾಗಲಿರುವ ಸೊಸೆಗೆ ಮೊದಲು ತೋಳು ಬಿಗಿಯಾಗುತ್ತದೆ. ಗಂಡಸಿನ ಕಾಲರು ಸುಕ್ಕಾಗಿದ್ದರೆ ಅವನು ಮೋಸ ಹೋಗಿದ್ದಾನೆ. ಬಿಳಿ ಅಂಗಿ ಗರಿಗರಿಯಾಗಿದ್ದರೆ ಮನಸ್ಸು ತಿಳಿಯಾಗಿದೆ. ಹೀಗೇ ಅಳೆದು ಸುರಿದು ಬೆಳಿಗ್ಗೆ ತೀರ್ಪು ಕೊಟ್ಟರೆ ಬೆಂಚು ತಲೆಯಾಡಿಸುತ್ತಿತ್ತು. ಸೋಜಿಗವೆಂದರೆ ನಾದಿನಿಯೂ ತಲೆಯಾಡಿಸುತ್ತಿದ್ದಳು. ಒಂದು ದಿನವಂತೂ ಮೀಸೆ ಹೀರೋನ ಹೊಸ ಸಿನಿಮಾವನ್ನು ಟೈಲರಕ್ಕ ಬೈದು ಗುಡ್ಡೆ ಹಾಕಿದಾಗ, "ಇರಬಹುದು ಅತ್ತಿಗೆ, ನೀವು ಹೇಳೋದೂ ಸರಿ" ಅಂದುಬಿಟ್ಟಳು. ಇಷ್ಟು ವರ್ಷಕ್ಕೆ ಇವಳಿಗೆ ಬುದ್ಧಿ ಬಂತಲ್ಲ ಅಂತ ಟೈಲರಕ್ಕ ಆವತ್ತು ಸಂಜೆವರೆಗೂ ಒಳಗೊಳಗೇ ಹಿಗ್ಗಿದಳು.

ಆಮೇಲೆ ಬಂತು ನೋಡಿ ಆ ಅಪ್ಪ ಮಗಳ ಕಂತು. ಮನೆ ಬಿಟ್ಟು ಹೋಗಿ ಮದುವೆಯಾದ ಮಗಳು ಅಪ್ಪನ ಮುಂದೆ ಬಂದು ನಿಲ್ಲುತ್ತಾಳೆ. ಅಪ್ಪ ಗರಿಗರಿ ಬಿಳಿ ಅಂಗಿ ತೊಟ್ಟಿದ್ದಾನೆ, ಅವಳ ತಲೆ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳುತ್ತಾನೆ, ನಸುನಗುತ್ತಾನೆ, ಮಗಳು ಅಳುತ್ತಾಳೆ. ಟೈಲರಕ್ಕನೂ ಅತ್ತಳು.

ಮರುದಿನ ಅವಳು ಗಿರಾಕಿಯೊಬ್ಬರ ಲಂಗದ ಅಂಚಿಗೆ ಪಿನ್ನು ಚುಚ್ಚುತ್ತ ಕನ್ನಡಿಯ ಮುಂದೆ ಮಂಡಿಯೂರಿ ಕೂತಿದ್ದಳು. ಗಿರಾಕಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಡಂ, ಅಂಗಡಿಗೆ ಹೊಸಬರು. ಟೈಲರಕ್ಕ ತೀರ್ಪು ಶುರು ಮಾಡಿದಳು. "ಆ ಅಪ್ಪನ ಪಾರ್ಟು ಮಾಡಿದವನು ನಟ ಅಂದ್ರೆ ನಟ. ಕ್ಷಮಿಸಿದ್ದನ್ನ ಎಷ್ಟು ತಣ್ಣಗೆ ಮಾಡಿದ ನೋಡಿ. ಬೇರೆಯವನಾಗಿದ್ರೆ ಕಿರುಚಿ ಕೆಡಿಸ್ತಿದ್ದ."

ಮೇಡಂ ಬಗ್ಗಿ ನೋಡಿದರು. "ಕ್ಷಮಿಸಿದ್ದಾ? ಇನ್ಮೇಲೆ ನೀನು ನನ್ನ ಪಾಲಿಗೆ ಸತ್ತೆ, ಈ ಹೊಸಿಲು ತುಳಿಯಬೇಡ ಅಂದನಲ್ಲ. ನನಗಂತೂ ಮೈ ಜುಂ ಅಂತು."

ಮುಖ ಅಷ್ಟು ಹತ್ತಿರವಿತ್ತು, ಒಂದೊಂದು ಮಾತೂ ತುಟಿಯ ಮೇಲೆ ಕಂಡಿತು. ಟೈಲರಕ್ಕ ಕನ್ನಡಿಯತ್ತ ನೋಡಿದಳು. ಅದರಲ್ಲಿ ಬೆಂಚು ಕಾಣುತ್ತಿತ್ತು. ನಾದಿನಿ ತುಟಿಯ ಮೇಲೆ ಬೆರಳಿಟ್ಟು, ಆಮೇಲೆ ಕಿವಿ ಮುಟ್ಟಿ ತೋರಿಸಿ, ಮೇಡಂಗೆ ಸುಮ್ಮನಿರಿ ಅಂತ ಸನ್ನೆ ಮಾಡುತ್ತಿದ್ದಳು. ಮಿಕ್ಕಿಬ್ಬರು ತಲೆ ತಗ್ಗಿಸಿ ಹುಕ್ಕು ಹಾಕುತ್ತಿದ್ದರು.

ಟೈಲರಕ್ಕ ಉಳಿದ ಪಿನ್ನು ಚುಚ್ಚಿ ಮುಗಿಸಿದಳು. ಮೇಡಂ ಹೋದ ಮೇಲೆ ನಾದಿನಿಯ ಮುಂದೆ ಹೋಗಿ ನಿಂತಳು. "ಯಾವಾಗಿಂದ ಗೊತ್ತು?"

ನಾದಿನಿ ಸೂಜಿ ಕೆಳಗಿಟ್ಟಳು. "ಬೇಸಿಗೆಯಿಂದ."

"ಎಲ್ಲರಿಗೂ?"

"ಹೂಂ. ನೀವು ನೊಂದ್ಕೋಬಾರದು ಅಂತ ನಾನೇ ಇವರಿಗೂ ಹೇಳಿಟ್ಟಿದ್ದೆ."

"ಹಾಗಾದ್ರೆ ಆವತ್ತು ನಾನು ಹೇಳಿದ್ದು ಸರಿ ಅಂದ್ಯಲ್ಲ, ನಿನ್ನ ಹೀರೋನ ಸಿನಿಮಾಕ್ಕೆ?"

ನಾದಿನಿ ಕೆಳಗಿಟ್ಟ ಸೂಜಿಯನ್ನು ಮತ್ತೆ ಎತ್ತಿಕೊಂಡಳು. ಟೈಲರಕ್ಕನಿಗೆ ಅಲ್ಲೇ ಅಳು ಬಂತು, ಅದನ್ನು ನುಂಗಿಕೊಂಡೇ ಹೇಳಿದಳು. "ಕಿವಿ ಹೋಗಿದ್ದು ದೇವರು ಮಾಡಿದ್ದು, ಇರಲಿ. ಜಗಳ ನಿಲ್ಲಿಸಿದ್ದು ನೀನು. ಮಗು ಆಡಿದ್ದಕ್ಕೆಲ್ಲ ಹೂಂ ಅಂದ ಹಾಗೆ ನನಗೆ ಹೂಂ ಅಂದ್ಯಲ್ಲ."

ಆವತ್ತಿನಿಂದ ಅಂಗಡಿಯಲ್ಲಿ ಸೀರಿಯಲ್ಲಿನ ಸುದ್ದಿ ಬಂದ್. ಯಾರಾದರೂ ಬಾಯಿ ತಪ್ಪಿ ಶುರು ಮಾಡಿದರೆ ಟೈಲರಕ್ಕ ಮಿಷನ್ನು ಜೋರಾಗಿ ತುಳಿಯುವಳು. ಮನೆಯಲ್ಲಿ ಟಿವಿಯ ಮೇಲೆ ಬಟ್ಟೆ ಮುಚ್ಚಿದಳು. ಡಿಪೋದಿಂದ ಬಂದ ಗಂಡ ಅದನ್ನು ನೋಡಿ, ಹೆಂಡತಿಯ ಮುಖ ನೋಡಿ, ಊಟಕ್ಕೆ ಕೂತ. ಕೆಲಸ ಮುಂಚಿಗಿಂತ ಬೇಗ ಮುಗಿಯುತ್ತಿತ್ತು, ಅದರಿಂದ ಯಾರಿಗೂ ಸುಖವಾಗಲಿಲ್ಲ. ನಾದಿನಿಯದೂ ತಪ್ಪು ಅನ್ನುವ ಹಾಗಿಲ್ಲ. ಅತ್ತಿಗೆಯನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಬಾರದು ಅಂತ ಅವಳು ತನ್ನ ಪ್ರಾಣದಂಥ ಹೀರೋನನ್ನೇ ಬಿಟ್ಟುಕೊಟ್ಟಿದ್ದಳು, ಪಾಪ. ಆದರೆ ಹಾಗೆ ಬಿಟ್ಟುಕೊಟ್ಟದ್ದೇ ಅತ್ತಿಗೆಗೆ ಹೆಚ್ಚು ಚುಚ್ಚಿತ್ತು. ಇದು ನಾದಿನಿಗೆ ಅರ್ಥವಾಗಲು ಸ್ವಲ್ಪ ದಿನ ಬೇಕಾಯಿತು.

ಅರ್ಥವಾದ ಸಂಜೆ ಅವಳು ನೆಟ್ಟಗೆ ಅಣ್ಣನ ಮನೆಗೆ ಬಂದಳು. ಬಾ ಅನ್ನುವುದಕ್ಕೂ ಕಾಯದೆ ಟಿವಿಯ ಮೇಲಿನ ಬಟ್ಟೆ ಎಳೆದು ಟಿವಿ ಹಾಕಿದಳು, ಟೈಲರಕ್ಕನ ಎಡಕ್ಕೆ, ಇದ್ದುದರಲ್ಲಿ ಪರವಾಗಿಲ್ಲ ಅನ್ನುವಂಥ ಕಿವಿಯ ಪಕ್ಕ, ಕೂತಳು. ಪರದೆಯ ಮೇಲೆ ಅದೇ ಅಪ್ಪ, ಖಾಲಿ ಕೋಣೆಯಲ್ಲಿ, ಮಗಳ ಫೋಟೋ ಮುಂದೆ.

ಸ್ವಲ್ಪ ಹೊತ್ತು ಟೈಲರಕ್ಕ ಗೋಡೆ ನೋಡಿದಳು. ಆಮೇಲೆ ತಡೆಯಲಾಗಲಿಲ್ಲ. "ಏನಂತಾನೆ?"

"ತಪ್ಪು ನಂದೇ ಅಂತಾನೆ" ನಾದಿನಿ ಗಂಟಲು ಹರಿಯುವ ಹಾಗೆ ಹೇಳಿದಳು. "ಆದ್ರೆ ಮುಖದಲ್ಲಿ ಒಂದು ಚೂರೂ ಬರ್ತಿಲ್ಲ. ಕಲ್ಲು."

"ಕಲ್ಲಾ? ಆ ಕಣ್ಣು ನೋಡು. ಇಡೀ ಸೀರಿಯಲ್ಲಿಗೆ ಇವನೊಬ್ಬನೇ ನಟ."

"ಅತ್ತಿಗೆ, ನಿಮಗೆ ಕಿವಿ ಕೇಳಲ್ಲ ಅಂತ ಗೊತ್ತಿತ್ತು. ಈಗ ಕಣ್ಣೂ ಕಾಣಲ್ವಾ?"

ಒಳಕೋಣೆಯಲ್ಲಿ ಮಲಗಿದ್ದ ಗಂಡ ಎದ್ದು ಕೂತ. ಈ ಮಾತನ್ನು ಅಷ್ಟು ಜೋರಾಗಿ, ಎದುರಿಗೇ, ಇಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಟೈಲರಕ್ಕ ನಾದಿನಿಯ ಮುಖವನ್ನೇ ನೋಡಿದಳು. ಅದರಲ್ಲಿ ಕರುಣೆ ಇರಲಿಲ್ಲ, ಮೊದಲಿನ ಹಾಗೆ ಮೊಂಡು ಹಟವಷ್ಟೇ ಇತ್ತು.

"ಏನಂದೆ? ಇನ್ನೊಂದ್ಸಲ ಹೇಳು."

ನಾದಿನಿ ಹೇಳಿದಳು, ಇನ್ನೂ ಜೋರಾಗಿ.

ಟೈಲರಕ್ಕನ ಕಣ್ಣು ತುಂಬಿ ಬಂತು. ಅವಳು ಕುರ್ಚಿಯನ್ನು ನಾದಿನಿಯ ಕಡೆಗೆ ಎಳೆದುಕೊಂಡಳು. "ಹಾಂ, ಈಗ ಕೇಳಿಸ್ತು. ನೆಟ್ಟಗೆ ಕೂತ್ಕೋ. ನಟನೆ ಅಂದ್ರೆ ಏನು ಅಂತ ನಿನಗೆ ಹೇಳ್ತೀನಿ."