ಕಾನೂನು ಮಾಮನ ಕಾಗದದ ಬಾಲ

ರಿಮೋಟಿನ ಪುಟ್ಟ ವಿಮಾನಗಳ ಕಾಳಗಕ್ಕೆ ನಿಯಮ ಮಾಡುವ ಈ ದರ್ಜಿಯನ್ನು ಮೈದಾನದವರೆಲ್ಲ ಕಾನೂನು ಮಾಮ ಎನ್ನುತ್ತಾರೆ. ಹೊಲಿಗೆ ಯಂತ್ರ ತುಳಿಯುವಾಗಲೂ ಅವನ ಕಣ್ಣು ಕಿಟಕಿಯಾಚೆಯ ಮೋಡದಲ್ಲೇ. ಹಾಗಾಗಿ ಊರಿನ ಅರ್ಧಕ್ಕರ್ಧ ಅಂಗಿಗಳ ತೋಳು ಬೆರಳು ಮುಚ್ಚುತ್ತದೆ. ಆದರೆ ವಿಮಾನದ ರೆಕ್ಕೆ ಕೂದಲೆಳೆಯಷ್ಟು ಹೆಚ್ಚಿದ್ದರೂ "ಅಳತೆ ಅಂದ್ರೆ ಅಳತೆ ಕಣಪ್ಪಾ" ಎಂದು ಕತ್ತರಿಯನ್ನೇ ತೆಗೆಯುತ್ತಾನೆ. "ಬಿದ್ರೆ ನಗು ಬರ್ಬೇಕು, ಅಳು ಬರ್ಬಾರ್ದು" ಎಂಬುದು ಅವನ ಮಂತ್ರ. ಅದಕ್ಕೇ ಎಲ್ಲರಿಗೂ ಥರ್ಮಾಕೋಲಿನ ರೆಕ್ಕೆ, ಒಂದೇ ಅಗ್ಗದ ಮೋಟಾರು, ಸಣ್ಣ ಬ್ಯಾಟರಿ, ಬಾಲಕ್ಕೊಂದು ಕಾಗದದ ಪಟ್ಟಿ. ಎದುರಾಳಿಯ ಪಟ್ಟಿ ತುಂಡರಿಸಿದವನು ಗೆದ್ದ. ಸಂಜೆ ಬಿಸಿಲಿನಲ್ಲಿ ಆ ಪಟ್ಟಿಗಳು ನಿದ್ದೆಯೊಳಗಿನ ಮೀನುಗಳಂತೆ ತೇಲುವಾಗ ಮಾತ್ರ ಅವನು ಅಳತೆ ಟೇಪನ್ನು ಸುತ್ತಿ ಜೇಬಿಗಿಡುತ್ತಾನೆ. ಅವನ ಒಂದು ನಿಯಮವಂತೂ ಎಲ್ಲರಿಗೂ ವಿಚಿತ್ರ: ತುಂಡಾದ ಪಟ್ಟಿಯನ್ನು ಗೆದ್ದವನೇ ಹುಲ್ಲಿನಲ್ಲಿ ಹುಡುಕಿ, ಸೋತವನನ್ನು ಬಾಯ್ತುಂಬ ಕರೆದು, ಕೈಗೆ ಕೊಡಬೇಕು. ಆಸ್ತಿ ಪಾಲಾದಂದಿನಿಂದ ಮಾತು ಬಿಟ್ಟಿರುವ ಅವನ ತಮ್ಮನೂ ಇದೇ ಮೈದಾನದಲ್ಲಿ ವಿಮಾನ ಹಾರಿಸುತ್ತಾನೆ. ತಮ್ಮನ ವಿಮಾನ ಹತ್ತಿರ ಬಂದರೆ ಸಾಕು, ಕಾನೂನು ಮಾಮನ ವಿಮಾನ ತೂಕಡಿಸಿದಂತೆ ನಿಧಾನವಾಗುತ್ತದೆ. ತನ್ನ ಪಟ್ಟಿ ತುಂಡಾದ ಮೇಲೆ ಅವನು ಕೈ ಚಾಚಿ ಕಾಯುತ್ತಾನೆ. ತಮ್ಮ ಇಡೀ ಮೈದಾನ ದಾಟಿ ಬಂದು, ನೆಲ ನೋಡುತ್ತಾ, "ತಗೋ ಅಣ್ಣಾ" ಎನ್ನುತ್ತಾನೆ.