ರೈತನ ಮಗಳೆಂಬ ಪುರಾವೆ

ಡಾಕ್ಟರಾಗುತ್ತೇನೆಂದು ಊರಿಗೆಲ್ಲ ಡಂಗುರ ಸಾರಿದ್ದವಳು ನಾನೇ. ನೀಟ್ ಫಲಿತಾಂಶ ಬಂದ ದಿನ ಮಾತ್ರ ಕೋಣೆಯ ಚಿಲಕ ಹಾಕಿಕೊಂಡು ಕೂತೆ. ಫೇಲಾಗಿರಲಿಲ್ಲ, ಆದರೆ ಆ ಅಂಕಕ್ಕೆ ಸರ್ಕಾರಿ ಎಂಬಿಬಿಎಸ್ ಸೀಟು ಕನಸಿನಲ್ಲೂ ಸಿಗುವಂತಿರಲಿಲ್ಲ. ಇನ್ನೇನು ಮಾಡಿದರೆ ನನ್ನ ಅರ್ಜಿಗೆ ಒಂದಿಷ್ಟು ಬಲ ಬಂದೀತು ಎಂದು ಹನಕೆರೆ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಒಂದು ವಾರ ಪಂಚಾಯಿತಿ ನಡೆಯಿತು. ಮಳವಳ್ಳಿಯಿಂದ ಬಂದ ಸೋದರಮಾವ, "ಇನ್ನೊಂದು ವರ್ಸ ಓದ್ಲಿ ಬುಡಿ" ಎಂದರು. ಯಾರೋ ಕ್ರೀಡಾ ಸರ್ಟಿಫಿಕೇಟು ಎಂದರು. ನಾನು ಬಸ್ಸು ಹಿಡಿಯಲು ಓಡಿದ್ದು ಬಿಟ್ಟರೆ ಬೇರೆ ಓಟ ಕಂಡವಳಲ್ಲ.

ದಾರಿ ತೋರಿಸಿದವರು ಮದ್ದೂರಿನ ನಮ್ಮ ಕಾಲೇಜಿನ ಬಯಾಲಜಿ ಮೇಷ್ಟ್ರು. ಪಶುವೈದ್ಯ ಕೋರ್ಸಿನಲ್ಲಿ ರೈತರ ಮಕ್ಕಳಿಗೆಂದೇ ಕೆಲವು ಸೀಟುಗಳಿರುತ್ತವೆ. ಅದಕ್ಕೆ ಬೇಸಾಯದ ಪ್ರಾಕ್ಟಿಕಲ್ ಪರೀಕ್ಷೆ ಕೊಡಬೇಕು. ಎದುರಿಗಿಟ್ಟ ಬೀಜ, ಗೊಬ್ಬರ, ಬೇಸಾಯದ ಸಾಮಾನು ನೋಡಿ ಹೆಸರು ಬರೆಯುವುದು. ಅಲ್ಲಿ ಒಳ್ಳೆಯ ಅಂಕ ಬಂದರೆ ಓದಿನಲ್ಲಿ ಹಿಂದಿದ್ದದ್ದು ಸರಿಹೋಗುತ್ತದೆ. "ನಿಮ್ಮಪ್ಪ ರೈತರಲ್ವೇನಮ್ಮ? ನಿನಗದು ನೀರು ಕುಡಿದಷ್ಟು ಸುಲಭ" ಎಂದರು.

"ದನದ ಡಾಕ್ಟ್ರಾ?" ಎಂದು ನಾನು ಮೂತಿ ತಿರುವಿದೆ. ಅಪ್ಪ ಹೇಳಿದ, "ನಮ್ ಕೆಂಪು ಹಸ ಬಿದ್ಕೊಂಡು ಒದ್ದಾಡ್ವಾಗ ಒಬ್ ಡಾಕ್ಟ್ರು ಬಂದಿದ್ರೆ ಕಾಲ್ ತೊಳ್ದು ನೀರ್ ಕುಡೀತಿದ್ದೆ ಕಣವ್ವ." ಅದೇ ತೀರ್ಮಾನವಾಯಿತು.

ಒಂದು ವಿಷಯ ಯಾರಿಗೂ ಹೊಳೆಯಲಿಲ್ಲ. ನಮ್ಮ ಕಡೆ ಓದುವ ಮಕ್ಕಳನ್ನು, ಅದರಲ್ಲೂ ಡಾಕ್ಟರಾಗುವ ಮಗಳನ್ನು, ಹೊಲ ಗದ್ದೆಯತ್ತ ಸುಳಿಯಗೊಡುವುದಿಲ್ಲ. ನಾನು ಸೆಗಣಿ ಮುಟ್ಟಲು ಹೋದರೆ ಅವ್ವ, "ಓಗಿ ಓದ್ಕೊ ಓಗು" ಎಂದು ಗದರುತ್ತಿದ್ದಳು. ಒಲೆಯ ಹತ್ತಿರಕ್ಕೂ ಬಿಟ್ಟವಳಲ್ಲ. ಕಣದಲ್ಲಿ ಒಕ್ಕಣೆಯಾಗುವಾಗ ನಾನು ಒಳಗೆ ಕೂತು ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದು ಉರು ಹೊಡೆಯುತ್ತಿದ್ದೆ.

ಪರೀಕ್ಷೆಗೆ ಹತ್ತು ದಿನವಿರುವಾಗ ಅಪ್ಪ, "ಬಾರವ್ವ, ಬೀಜ ಎಲ್ಲಾನೂ ತೋರುಸ್ಕೊಡ್ತೀನಿ" ಎಂದು ಕರೆದ. ಅವನು ಸಾಮಾನ್ಯನಲ್ಲ. ಬಿತ್ತುವ ಮುಂಚೆ ಸುತ್ತಲ ಊರಿನವರು ಬೀಜ ಹಿಡಿದು ಅವನ ಹತ್ತಿರ ಬರುತ್ತಿದ್ದರು. ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು, ಮೊಳೆಯುತ್ತದೋ ಇಲ್ಲವೋ ಹೇಳುತ್ತಿದ್ದ. ಅಂಥವನಿಗೆ ನಾನು ಮಂಡ್ಯದಲ್ಲಿ ಕೊಂಡಿದ್ದ ಗೈಡು ತೋರಿಸಿ, "ಎಲ್ಲಾ ಇದ್ರಲ್ಲೇ ಅದೆ, ನಿಂಗೇನ್ ಗೊತ್ತಾಗುತ್ತೆ ಬುಡಪ್ಪ" ಎಂದೆ. ಎಂಥ ಕೊಬ್ಬು ನನಗೆ. ಅವನು ಹೋಗಿ ದನಕ್ಕೆ ಹುಲ್ಲು ಹಾಕಿದ.

ಆ ಗೈಡಿನಲ್ಲಿ ಎಲ್ಲ ಕಾಳಿನ ಚಿತ್ರವೂ ಒಂದೇ ಗಾತ್ರ, ಅವರೆಯೂ ಅಷ್ಟೇ, ಎಳ್ಳೂ ಅಷ್ಟೇ. ಪರೀಕ್ಷೆಯಲ್ಲಿ ಬಟ್ಟಲುಗಳಲ್ಲಿ ಇಟ್ಟಿದ್ದ ನಿಜವಾದ ಕಾಳು ಯಾವುದೂ ಆ ಚಿತ್ರದಂತಿರಲಿಲ್ಲ. ಅರ್ಧಕ್ಕರ್ಧ ಊಹೆಯ ಮೇಲೆ ಬರೆದೆ. ಹೊರಗೆ ಬಿಸಿಲಲ್ಲಿ ಕಾದಿದ್ದ ಅಪ್ಪನಿಗೆ, "ಎಲ್ಲಾ ಸರಿಯಾಗಿ ಬರ್ದೆ" ಎಂದೆ. ಅವನು ಸಂಜೆಯೊಳಗೆ ಊರಿಗೆಲ್ಲ ಹೇಳಿ ಬಂದ.

ಅಂಕ ಬಂದಾಗ ಪಾಸಿನ ಗಡಿಯನ್ನೂ ಮುಟ್ಟಿರಲಿಲ್ಲ. ಅಪ್ಪ ಕೆರಳಿದ. "ಬೇಸಾಯ್ಗಾರನ ಮಗ್ಳಿಗೆ ಬೇಸಾಯ ಗೊತ್ತಿಲ್ಲ ಅಂತಾರಾ? ಏನೋ ಮೋಸ ನಡ್ದದೆ. ನಡಿ, ಕೇಳೇ ಬುಡವ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ "ಊಂ, ಮೋಸಾನೇ" ಎಂದೆ. ಅಲ್ಲೇ ನಿಜ ಹೇಳಿದ್ದರೆ ಮುಗಿಯುತ್ತಿತ್ತು.

ಪರೀಕ್ಷೆ ನಡೆಸಿದ ಮಂಡ್ಯದ ಕಚೇರಿಯಲ್ಲಿ ನಮ್ಮ ಹಾಗೆಯೇ ಮಕ್ಕಳನ್ನು ಕರೆತಂದ ರೈತರ ಸಾಲಿತ್ತು. ಅಪ್ಪ ದನಿ ಎತ್ತಿಯೇ ಕೇಳಿದ. ಅಧಿಕಾರಿ ಬೇಸರಿಸಿಕೊಳ್ಳದೆ ನನ್ನ ಉತ್ತರ ಪತ್ರಿಕೆಯನ್ನು ಹುಡುಕಿ ತಂದು, ಪಕ್ಕದಲ್ಲಿ ಒಂದು ಕಾಳಿನ ಬಟ್ಟಲನ್ನೂ ಇಟ್ಟು, "ನೀವೇ ನೋಡಿ ಯಜಮಾನ್ರೆ. ಇದು ರಾಗಿ. ನಿಮ್ಮ ಮಗಳು ಸಾಸಿವೆ ಅಂತ ಬರೆದಿದ್ದಾಳೆ" ಎಂದರು.

ರಾಗಿ. ದಿನಕ್ಕೆರಡು ಹೊತ್ತು ನುಂಗಿದ್ದು. ನನಗೆ ಹಿಟ್ಟು ಗೊತ್ತಿತ್ತು, ಮುದ್ದೆ ಗೊತ್ತಿತ್ತು, ಕಾಳು ಗೊತ್ತಿರಲಿಲ್ಲ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಸೀಟು ಹೋಯಿತೆಂಬುದು ಆ ಗಳಿಗೆಗೆ ನೆನಪಿಗೂ ಬರಲಿಲ್ಲ. ಅಪ್ಪ ಪತ್ರಿಕೆ ನೋಡಿದ, ನನ್ನ ಮುಖ ನೋಡಿದ. ಆಮೇಲೆ ತಲೆಯ ಟವಲು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ಅಧಿಕಾರಿಯ ಕಡೆ ತಿರುಗಿದ.

"ಅವ್ಳದೇನೂ ತಪ್ಪಿಲ್ಲ ಸ್ವಾಮಿ. ನಾನೇ ಅಂಗೆ ಯೋಳ್ಕೊಟ್ಟಿದ್ದೆ. ನಂಗೂ ಸರ್ಯಾಗಿ ಗೊತ್ತಾಗಾಕಿಲ್ಲ."

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. "ರಾಗಿ ಗೊತ್ತಿಲ್ವೇನಣ್ಣೋ? ಯಾವ್ ಸೀಮೆ ಬೇಸಾಯ್ಗಾರನಯ್ಯ ನೀನು" ಎಂದ ಒಬ್ಬ. ಅಪ್ಪನೂ ಅವರ ಜೊತೆ ನಕ್ಕ. "ಅಪ್ಪನಿಗೆ ಎಲ್ಲಾ ಗೊತ್ತು, ಅವನು ತೋರಿಸುತ್ತೇನೆಂದರೂ ನಾನೇ ನೋಡಲಿಲ್ಲ" ಎಂಬ ನನ್ನ ಒಂದು ಮಾತು ಸಾಕಿತ್ತು, ಆ ನಗು ನಿಲ್ಲಲು. ನಾನು ಅದನ್ನು ಆಡಲಿಲ್ಲ.