ಗಂಗಕ್ಕನ ರಿಪೋರ್ಟಿನ ಕೋಬಾಲ್ಟ್

ಗಂಗಕ್ಕ, ನಿಮ್ಮ ರಿಪೋರ್ಟಿನಲ್ಲಿ ನಾನು ಸುಳ್ಳು ಬರೆದೆ. ಎಂಬತ್ತರ ದಶಕದಲ್ಲಿ, ಯಶವಂತಪುರದ ಆ ಸಣ್ಣ ಲ್ಯಾಬಿನಲ್ಲಿ, ಗೊತ್ತಿದ್ದೂ ಗೊತ್ತಿದ್ದೂ ಬರೆದೆ.

ಸೊಂಟದ ಕೀಲು ಬದಲಿಸಿಕೊಂಡವರ ಮೂತ್ರದಲ್ಲಿ ಲೋಹ ಎಷ್ಟಿದೆಯೆಂದು ಅಳೆಯುವುದು ನನ್ನ ಕೆಲಸ. ಕೆಲವರ ಕೀಲಿಗೆ ಲೋಹದ ಗುಂಡು, ಅದು ಕೂರುವ ಪ್ಲಾಸ್ಟಿಕ್ ಬಟ್ಟಲು. ನಿಮ್ಮಂಥ ಕೆಲವರಿಗೆ ಬಟ್ಟಲೂ ಲೋಹದ್ದೇ, ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆಸಿದ್ದು — ಎರಡೂ ಉಜ್ಜಿಕೊಂಡರೆ ಸವೆದದ್ದು ಮೈಗೇ ಸೇರಬೇಕು. ಇಡೀ ದಿನದ ಮೂತ್ರವನ್ನು ಆಸಿಡ್ಡಿನಲ್ಲಿ ತೊಳೆದ ಪ್ಲಾಸ್ಟಿಕ್ ಕ್ಯಾನಿನಲ್ಲೇ ಹಿಡಿಯಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಆ ಕ್ಯಾನು ತೊಳೆಯುವುದೆಂದರೆ ನನಗೆ ತಲೆನೋವು. ಮನೆಯ ಹಳೇ ಸ್ಟೀಲ್ ಡಬ್ಬಿಯಲ್ಲೇ ತನ್ನಿ ಅಂದುಬಿಟ್ಟೆ. ಗೊಣಗಿಕೊಂಡೇ ಎಲ್ಲರೂ ತಂದರು. ಸ್ಟೀಲಿನ ಕ್ರೋಮಿಯಂ ಇಳಿದು ಎಲ್ಲರ ಅಂಕಿಯೂ ಏರಿತು. ನಾನು ಸದ್ದಿಲ್ಲದೆ ತಗ್ಗಿಸಿ ಬರೆಯತೊಡಗಿದೆ.

ನಿಮ್ಮದರಲ್ಲಿ ಕೋಬಾಲ್ಟೂ ವಿಪರೀತ ಏರಿತ್ತು. ಅಷ್ಟು ಕೋಬಾಲ್ಟ್ ಡಬ್ಬಿಯಿಂದ ಬರುವುದಿಲ್ಲ, ಅದು ನಿಮ್ಮ ಸೊಂಟದ್ದು — ನನಗೆ ಗೊತ್ತಿತ್ತು. ಆದರೆ ಹೇಳಿದರೆ ಮರುಪರೀಕ್ಷೆ, ಆಗ ಡಬ್ಬಿಯ ವಿಷಯ... ಅದನ್ನೂ ತಗ್ಗಿಸಿ ಬರೆದೆ.

ಒಂದು ವರ್ಷ ಕಳೆದು ಬಾಗಲಗುಂಟೆಯಿಂದ ಕೋಲೂರಿಕೊಂಡು ಬಂದಿರಿ. ಧಾರವಾಡದ ಕಡೆಯ ಟೀಚರು, ಬೈಯಲು ಬಂದಿರೆಂದು ಹೆದರಿದೆ. ನೀವು ಕ್ಷಮೆ ಕೇಳುವವರಂತೆ ಮೆಲ್ಲಗೆ ಹೇಳಿದಿರಿ: "ಎಲ್ಲಾ ಸರಿ ಐತಿ ಅಂತ ನೀವ ಬರದೀರಿ. ಅಂದಮ್ಯಾಲ ಈ ನೋವು ನನ್ನ ಮನಸಿಂದ ಇರಬೇಕ್ರಿ. ಸಾಲಿ ಬಿಟ್ಟಬಿಟ್ಟೆ."

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಅವತ್ತೇ ಕ್ಯಾನು ತೊಳೆದುಕೊಟ್ಟೆ. ಅಂಕಿ ಮೊದಲಿಗಿಂತಲೂ ಮೇಲೆ ಹೋಗಿತ್ತು. ಡಾಕ್ಟರಿಗೆ ಹೊಸ ರಿಪೋರ್ಟನ್ನಷ್ಟೇ ಕೊಟ್ಟೆ. ಹಳೆಯದರ ಬಗ್ಗೆ ಬಾಯಿಬಿಡಲಿಲ್ಲ. ಆಪರೇಷನ್ ಮಾಡಿ ನೋಡಿದಾಗ ಕೀಲಿನ ಸುತ್ತ ಮಾಂಸ ಕಪ್ಪಾಗಿತ್ತಂತೆ. ಪ್ಲಾಸ್ಟಿಕ್ ಬಟ್ಟಲು ಕೂರಿಸಿದರು.

ಆಮೇಲೆ ನೀವು ಗೆದ್ದಿರಲ್ಲ — ಅದನ್ನು ನೆನೆದರೆ ಇವತ್ತಿಗೂ ಎದೆ ಉಬ್ಬುತ್ತದೆ. ಕೋಲು ಬಿಸಾಕಿ ಶಾಲೆಗೆ ಮರಳಿದಿರಿ. ಮಕ್ಕಳಿಗೆ ವಿಮಾನ ತೋರಿಸಲು ಜಕ್ಕೂರಿನ ವಿಮಾನ ಮೈದಾನಕ್ಕೆ ಹೊರಟಾಗ ನನ್ನನ್ನೂ ಕರೆದಿರಿ. ಬಸ್ಸಿಳಿದು ನೀವೇ ಎಲ್ಲರಿಗಿಂತ ಮುಂದೆ, ಹಿಂದುಳಿದವರಿಗೆ ಗದರಿಕೆ ಬೇರೆ. ಏದುಸಿರು ಬಿಡುತ್ತ ಕೊನೆಗೆ ಬಂದವಳು ನಾನು. ಮೈದಾನದ ಅಂಚಿನಲ್ಲಿ ಮಕ್ಕಳನ್ನು ನಿಲ್ಲಿಸಿ, "ನನ್ನ ಕಾಲು ಉಳಿಸಿದವರು ಇವರ. ಕೈ ಮುಗೀರಿ" ಅಂದಿರಿ.

ಅಷ್ಟೂ ಮಕ್ಕಳು ಕೈ ಮುಗಿದರು. ನಾನು — ನಗುತ್ತ ಆ ನಮಸ್ಕಾರ ಸ್ವೀಕರಿಸಿದೆ.

ನಿಮ್ಮ ಒಂದು ವರ್ಷವನ್ನು ಕಿತ್ತುಕೊಂಡವಳು ನಾನು, ಗಂಗಕ್ಕ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ಬಾಗಲಗುಂಟೆಗೆ ಬಂದು, ನಿಮ್ಮ ಎದುರು ನಿಂತು, ನಾನೇ ಓದಿ ಹೇಳುತ್ತೇನೆ.